ಪಂಚಾಂಗ ಮತ್ತು ಹಿಜರಿ: ಬೀದರ್ ಸೀಮೆಯಲ್ಲಿ ಇಸ್ಲಾಮಿ ಹಾಗೂ ದೇಶೀಯ ಪರಂಪರೆಗಳ ಸಂಗಮ

ಬೀದರ್ ನಗರದ ಪೂರ್ವಕ್ಕೆ ಅನತಿ ದೂರದಲ್ಲಿರುವ ಅಷ್ಟೂರು ಗ್ರಾಮದ ಬಯಲಿನಲ್ಲಿ ಬಹಮನಿ ಅರಸರ ಗೋರಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದನೆಯ ಅಹ್ಮದ್ ಷಾ ವಲಿಯ (ಆಳ್ವಿಕೆ 1422–1436) ಗುಮ್ಮಟಕ್ಕೆ ಪ್ರತಿವರ್ಷ ಹೋಳಿ ಹುಣ್ಣಿಮೆಯ ನಂತರದ ದಿನಗಳಲ್ಲಿ ಜನಸಾಗರವೇ ಹರಿದುಬರುತ್ತದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಾಡಿಯಾಳ ಗ್ರಾಮದ ಜಂಗಮರು ತಮ್ಮ ಭಕ್ತಸಮೂಹದೊಡನೆ ಕಾಲ್ನಡಿಗೆಯಲ್ಲಿ ಬಂದು ಸುಲ್ತಾನನ ಗೋರಿಗೆ ಹೂವು ಏರಿಸಿ, ಶಂಖನಾದದ ನಡುವೆ ತೆಂಗಿನಕಾಯಿ ಒಡೆದು ಉತ್ಸವವನ್ನು ನಡೆಸಿಕೊಡುತ್ತಾರೆ. ಮುಸ್ಲಿಮರಿಗೆ ಇದು ಅಹ್ಮದ್ ಷಾ ವಲಿಯ ಉರುಸು. ಲಿಂಗಾಯತ ಭಕ್ತರಿಗೆ ಇದು ಅಲ್ಲಮಪ್ರಭುವಿನ ಜಾತ್ರೆ. ಜಿ. ಯಜ್ದಾನಿಯವರು 1947ರಲ್ಲಿ ಪ್ರಕಟವಾದ ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತ ತಮ್ಮ ಬೃಹದ್ ಗ್ರಂಥದಲ್ಲಿ ಈ ಆಚರಣೆಯನ್ನು ದಾಖಲಿಸಿದ್ದಾರೆ. ಅಂದಿನಿಂದ ಇಂದಿನವರೆಗೆ ಈ ಭಾಗದ ಸೌಹಾರ್ದ ಪರಂಪರೆಯ ಪ್ರಸ್ತಾಪ ಬಂದಾಗಲೆಲ್ಲ ಅಷ್ಟೂರಿನ ಹೆಸರು ತಪ್ಪದೆ ಬರುತ್ತದೆ.

ಆದರೆ ಈ ಉತ್ಸವದ ಒಂದು ಅಂಶಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಉರುಸು ಎಂಬುದು ಸಂತನ ಪುಣ್ಯತಿಥಿ. ವಾಡಿಕೆಯಂತೆ ಅದನ್ನು ಹಿಜರಿ ತಿಂಗಳ ತೇದಿಗೆ ಅನುಸಾರವಾಗಿ ಆಚರಿಸಬೇಕು. ಅಷ್ಟೂರಿನಲ್ಲಿ ಮಾತ್ರ ಮುಸ್ಲಿಂ ಅರಸನೊಬ್ಬನ ಉರುಸಿನ ದಿನವನ್ನು ಪಂಚಾಂಗ ನಿರ್ಣಯಿಸುತ್ತದೆ. ಇದಕ್ಕೆ ಪ್ರತಿಯಾಗಿ, ಇದೇ ಸೀಮೆಯ ಅನೇಕ ಹಳ್ಳಿಗಳಲ್ಲಿ ಹಿಂದೂಗಳು ಮೊಹರಂ ಹಬ್ಬವನ್ನು ಹಿಜರಿ ಚಂದ್ರದರ್ಶನದಂತೆ ಆಚರಿಸುತ್ತಾರೆ. ಎರಡು ಕಾಲಗಣನೆಗಳ ಈ ಅದಲುಬದಲು ಹೇಗೆ ಸಾಧ್ಯವಾಯಿತು, ಅದು ನಮಗೆ ಏನನ್ನು ತಿಳಿಸುತ್ತದೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಹಿನ್ನೆಲೆ

ಬೀದರ್, ಭಾಲ್ಕಿ, ಔರಾದ ತಾಲ್ಲೂಕುಗಳನ್ನೊಳಗೊಂಡ ಮಾಂಜ್ರಾ ನದಿಯ ಈ ಪ್ರದೇಶ ಕನ್ನಡ, ಮರಾಠಿ, ತೆಲುಗು ಮತ್ತು ದಖನಿ ಭಾಷೆಗಳು ಸೇರುವ ನೆಲೆ. ಊರ ಹೆಸರುಗಳೇ ಇದಕ್ಕೆ ಸಾಕ್ಷಿ. ಭಾಲ್ಕಿ ತಾಲ್ಲೂಕಿನ ಸಾಯಗಾಂವ ಎಂಬ ಹೆಸರಿನ ಉತ್ತರಪದ ಮರಾಠಿಯದು. ಹುಮನಾಬಾದ್ ಎಂಬುದರ ಉತ್ತರಪದ ಪರ್ಷಿಯನ್ ಭಾಷೆಯದು. ಅಷ್ಟೂರು ಎಂಬುದರಲ್ಲಿ ಕನ್ನಡದ 'ಊರು' ಉಳಿದುಬಂದಿದೆ. ಇದೇ ಜಿಲ್ಲೆಯ ಬಸವಕಲ್ಯಾಣ ಹನ್ನೆರಡನೆಯ ಶತಮಾನದ ಶರಣ ಚಳವಳಿಯ ಕೇಂದ್ರ. ಅಲ್ಲಮಪ್ರಭುವಿನ ಸ್ಮೃತಿ ಇಲ್ಲಿನ ಜನಮಾನಸದಲ್ಲಿ ಸುಲ್ತಾನರ ಆಗಮನಕ್ಕೆ ಮುನ್ನವೇ ನೆಲೆಗೊಂಡಿತ್ತು.

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಈ ಪ್ರದೇಶ ದೆಹಲಿಯ ತುಘಲಕರ ಆಡಳಿತಕ್ಕೆ ಒಳಪಟ್ಟಿತು. ಆ ಕಾಲದ ಒಂದು ಸಂಸ್ಕೃತ ಶಾಸನ ಕಲ್ಯಾಣದಲ್ಲಿ ದೊರೆತಿದೆ. ಶಕ 1248ರ, ಅಂದರೆ ಕ್ರಿ.ಶ. 1326ರ ಈ ಶಾಸನದ ಪ್ರಕಾರ, ದಂಗೆಯ ಸಂದರ್ಭದಲ್ಲಿ ಭಗ್ನವಾದ ಮಧುಕೇಶ್ವರ ಲಿಂಗದ ಪುನಃಪ್ರತಿಷ್ಠೆಗಾಗಿ ದೇವಾಲಯದವರು ಮಹಮ್ಮದ್ ಬಿನ್ ತುಘಲಕನ ಅಧಿಕಾರಿ ಖ್ವಾಜಾ ಅಹ್ಮದನಲ್ಲಿ ಮನವಿ ಮಾಡಿಕೊಂಡರು. ಪೂಜೆ ಸಲ್ಲಿಸುವುದು ಅವರ ಧರ್ಮವೆಂದು ಭಾವಿಸಿ ಅವನು ಅನುಮತಿ ನೀಡಿದನು. ಈ ಶಾಸನದಲ್ಲಿ ಭಂಜನೆ ಮತ್ತು ಪುನಃಸ್ಥಾಪನೆ ಎರಡೂ ಇವೆ. ಮುಂದಿನ ಶತಮಾನಗಳ ಇತಿಹಾಸವನ್ನು ಓದುವಾಗಲೂ ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕಾಗುತ್ತದೆ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯಿಂದ ಪ್ರತ್ಯೇಕಗೊಂಡು ಸ್ಥಾಪಿಸಿದ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಒಂದನೆಯ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ವರ್ಗಾಯಿಸಿ ಅದನ್ನು ಮಹಮ್ಮದಾಬಾದ್ ಎಂದು ಕರೆದನು. ತುರ್ಕರು, ಇರಾನಿಗಳು, ಅರಬರು, ಹಬಶಿಗಳು, ಉತ್ತರ ಭಾರತದಿಂದ ಬಂದು ನೆಲೆಸಿದ್ದವರು ಆ ರಾಜ್ಯದ ಸೇವೆಯಲ್ಲಿದ್ದರು. ಗ್ರಾಮಮಟ್ಟದ ಕಂದಾಯದ ಲೆಕ್ಕ ಮಾತ್ರ ದೇಶಮುಖ, ದೇಶಪಾಂಡೆ, ಪಾಟೀಲ, ಕುಲಕರ್ಣಿಗಳ ಕೈಯಲ್ಲಿಯೇ ಮುಂದುವರಿಯಿತು. ಭೂಮಿಯನ್ನು ಉಳುವವನು, ಅದರ ಲೆಕ್ಕ ಬರೆಯುವವನು, ಆ ಲೆಕ್ಕವನ್ನು ಒಪ್ಪಿಕೊಳ್ಳುವ ಸರ್ಕಾರ ಈ ಮೂವರೂ ಒಂದು ಕಾಲಗಣನೆಯನ್ನು ಒಪ್ಪಲೇಬೇಕಾಗಿತ್ತು. ನಮ್ಮ ವಿವೇಚನೆಯ ಮೂಲ ಇಲ್ಲಿದೆ.

ಮಿರಗದಿಂದ ಆರಂಭವಾಗುವ ಅರಬಿ ವರ್ಷ

ಹಿಜರಿ ವರ್ಷ ಶುದ್ಧ ಚಾಂದ್ರಮಾನದ್ದು. ಅದರಲ್ಲಿ ಸುಮಾರು 354 ದಿನಗಳಿದ್ದು, ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆಯಾಗುತ್ತದೆ. ಹೀಗಾಗಿ ಹಿಜರಿ ತಿಂಗಳುಗಳು ಋತುಗಳ ಮೂಲಕ ಹಿಂದಕ್ಕೆ ಸರಿಯುತ್ತ ಹೋಗಿ ಸುಮಾರು ಮೂವತ್ತಮೂರು ವರ್ಷಗಳಲ್ಲಿ ಒಂದು ಸುತ್ತು ಪೂರೈಸುತ್ತವೆ. ನಮ್ಮ ಪಂಚಾಂಗವೂ ಚಂದ್ರನನ್ನೇ ಅನುಸರಿಸುತ್ತದೆಯಾದರೂ, ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಬರುವ ಅಧಿಕಮಾಸದಿಂದ ಈ ಕೊರತೆಯನ್ನು ತುಂಬಿಕೊಂಡು ಹಬ್ಬಗಳನ್ನು ಆಯಾ ಋತುವಿನಲ್ಲಿಯೇ ಉಳಿಸಿಕೊಳ್ಳುತ್ತದೆ.

ಧಾರ್ಮಿಕ ಆಚರಣೆಗೆ ಹಿಜರಿ ಗಣನೆ ಸಾಕು. ಕಂದಾಯ ವಸೂಲಿಗೆ ಸಾಲದು. ಬೆಳೆ ಚಂದ್ರನನ್ನು ನೋಡಿ ಬರುವುದಿಲ್ಲ. ನಿಗದಿತ ಹಿಜರಿ ತಿಂಗಳಿಗೆ ತೆರಿಗೆಯ ಗಡುವು ಇಟ್ಟರೆ ಕೆಲವೇ ವರ್ಷಗಳಲ್ಲಿ ಅದು ಬಿತ್ತನೆಯ ಕಾಲಕ್ಕೆ ಬಂದು ನಿಲ್ಲುತ್ತದೆ. ಈ ತೊಡಕಿಗೆ ದಖ್ಖನ್ ಪ್ರದೇಶ ಕಂಡುಕೊಂಡ ಪರಿಹಾರವೇ 'ಸುಹೂರ್ ಸನ್'. ಇದನ್ನು 'ಅರಬಿ ಸನ್' ಎಂದೂ 'ಮೃಗ ಸಾಲ' ಎಂದೂ ಕರೆಯುತ್ತಿದ್ದರು. ತುಘಲಕರ ಆಡಳಿತದ ಕೊನೆಯ ವರ್ಷಗಳಲ್ಲಿ, ಕ್ರಿ.ಶ. 1344ರಲ್ಲಿ, ಆಗ ಆರಂಭವಾದ ಹಿಜರಿ 745ನ್ನೇ ಮೊದಲ ಅಂಕಿಯಾಗಿ ಇಟ್ಟುಕೊಂಡು ಈ ಗಣನೆ ಆರಂಭವಾಯಿತು. ಅಲ್ಲಿಂದ ಮುಂದೆ ಅದು ಸೌರಮಾನವನ್ನು ಅನುಸರಿಸಿತು. ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವ ದಿನ ಅದರ ವರ್ಷಾರಂಭ. ಆದ್ದರಿಂದ ಕ್ರಿಸ್ತವರ್ಷಕ್ಕೂ ಅದಕ್ಕೂ ಇರುವ 599 ಅಥವಾ 600 ವರ್ಷಗಳ ಅಂತರ ಎಂದೂ ಬದಲಾಗುವುದಿಲ್ಲ.

ಈ ಗಣನೆಯ ರಚನೆಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ವರ್ಷದ ಅಂಕಿ ಹಿಜರಿಯಿಂದ ಬಂದಿದೆ. ದಸ್ತಾವೇಜುಗಳಲ್ಲಿ ಅದನ್ನು ಬರೆಯುತ್ತಿದ್ದುದು ಅರಬಿ ಸಂಖ್ಯಾವಾಚಕಗಳಲ್ಲಿ. ನೂರಕ್ಕೆ 'ಮಯಾ', ಸಾವಿರಕ್ಕೆ 'ಅಲಫ್'. ಆದರೆ ವರ್ಷ ಆರಂಭವಾಗುವುದು ಈ ನಾಡಿನ ಒಕ್ಕಲಿಗ ಇಂದಿಗೂ 'ಮಿರಗ' ಎಂದು ಕರೆಯುವ ಮಳೆ ನಕ್ಷತ್ರದಿಂದ. ಮಿರಗ ಕೂಡಿದರೆ ಬಿತ್ತನೆಗೆ ಕಾಲವಾಯಿತೆಂದೇ ಅರ್ಥ. ಅಂಕಿ ಅರೇಬಿಯಾದ್ದು, ಮಳೆ ದಖ್ಖನಿನದು. ಬಹಮನಿಗಳ ನಂತರದ ಆದಿಲಶಾಹಿ, ನಿಜಾಮಶಾಹಿ ಮತ್ತು ಮರಾಠಾ ಆಡಳಿತಗಳ ದಾಖಲೆಗಳಲ್ಲಿಯೂ ಈ ಗಣನೆ ಮುಂದುವರಿಯಿತು. ಹಿಂದೂ ಲೆಕ್ಕಿಗರು ಅದನ್ನು ಅನ್ಯವೆಂದು ಭಾವಿಸಲಿಲ್ಲ. ಮುಸ್ಲಿಂ ಅರಸರು ಅದನ್ನು ಅಶಾಸ್ತ್ರೀಯವೆಂದು ತಳ್ಳಿಹಾಕಲಿಲ್ಲ.

ತರುವಾಯ ಮೊಗಲರ ಮೂಲಕ ಫಸಲಿ ವರ್ಷ ದಖ್ಖನಿಗೆ ಬಂದಿತು. ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದ ಒಕ್ಕೂಟದಲ್ಲಿ ಸೇರುವವರೆಗೂ ಬೀದರ್ ಜಿಲ್ಲೆಯ ಸರ್ಕಾರಿ ಕಾಗದಪತ್ರಗಳಲ್ಲಿ ಫಸಲಿ ತೇದಿಯೇ ಇರುತ್ತಿತ್ತು. 'ಫಸಲ್' ಎಂದರೆ ಅರಬಿಯಲ್ಲಿ ಋತು, ಸುಗ್ಗಿ. ಕನ್ನಡಿಗರು ಇಂದು ಬೆಳೆಯನ್ನು 'ಫಸಲು' ಎನ್ನುವಾಗ, ಉಳುವವನನ್ನು 'ರೈತ' ಎನ್ನುವಾಗ, ನೆಲವನ್ನು 'ಜಮೀನು' ಎನ್ನುವಾಗ, ಅದರ ಮೇಲಿನ ಸ್ವಾಮ್ಯವನ್ನು 'ಹಕ್ಕು' ಎನ್ನುವಾಗ ಈ ದೀರ್ಘ ವ್ಯವಹಾರದ ನೆನಪನ್ನೇ ನುಡಿಯುತ್ತಿರುತ್ತಾರೆ. ಬೇಸಾಯದ ಬದುಕಿಗೆ ಇಷ್ಟು ಹತ್ತಿರದ ಪದಗಳು ದರ್ಬಾರಿನ ಆಜ್ಞೆಯೊಂದರಿಂದಲೇ ಹಳ್ಳಿಯನ್ನು ಸೇರಲಾರವು. ಶತಮಾನಗಳ ಬಳಕೆಯೇ ಅವುಗಳನ್ನು ಕನ್ನಡವಾಗಿಸಿದೆ.

ಮಳೆ ತಂದ ವಲಿ

ಈ ಹಿನ್ನೆಲೆಯಲ್ಲಿ ಅಷ್ಟೂರಿನ ಉರುಸನ್ನು ಮತ್ತೆ ನೋಡಬಹುದು. ಅಹ್ಮದ್ ಷಾನಿಗೆ 'ವಲಿ' ಎಂಬ ಬಿರುದು ಬಂದ ಪ್ರಸಂಗವನ್ನು ಇತಿಹಾಸಕಾರ ಫಿರಿಶ್ತಾ ಹೇಳುತ್ತಾನೆ. ಅವನ ಆಳ್ವಿಕೆಯ ಆರಂಭದಲ್ಲಿ ಭೀಕರ ಬರಗಾಲ ಬಂದಾಗ ಸುಲ್ತಾನನು ಬಯಲಿಗೆ ಹೋಗಿ ಮಳೆಗಾಗಿ ಪ್ರಾರ್ಥಿಸಿದನೆಂದೂ, ಮಳೆ ಸುರಿದುದರಿಂದ ಜನರು ಅವನನ್ನು ವಲಿ ಎಂದು ಕರೆದರೆಂದೂ ಆ ವೃತ್ತಾಂತ ತಿಳಿಸುತ್ತದೆ. ಅದರ ಸತ್ಯಾಸತ್ಯತೆ ಏನೇ ಇರಲಿ, ಜನರು ಅರಸನೊಬ್ಬನನ್ನು ಸಂತನನ್ನಾಗಿ ಸ್ವೀಕರಿಸಲು ಕಾರಣವಾದದ್ದು ಅವನ ವಿಜಯಗಳಲ್ಲ, ಮಳೆ ಎಂಬುದು ಮಹತ್ವದ ಸಂಗತಿ.

ಏಕೆಂದರೆ ಅದೇ ಫಿರಿಶ್ತಾ ಈ ಸುಲ್ತಾನನ ಇನ್ನೊಂದು ಮುಖವನ್ನೂ ದಾಖಲಿಸಿದ್ದಾನೆ. ವಿಜಯನಗರದ ವಿರುದ್ಧ ನಡೆಸಿದ ಯುದ್ಧದಲ್ಲಿ ಅಹ್ಮದ್ ಷಾನ ಸೇನೆ ನಿರಾಯುಧ ಪ್ರಜೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದಿತೆಂಬ ವರ್ಣನೆ ಅಲ್ಲಿದೆ. ಅಷ್ಟೂರಿನ ಸೌಹಾರ್ದವನ್ನು ಕೊಂಡಾಡುವ ಬರಹಗಳು ಈ ಭಾಗವನ್ನು ಬಿಟ್ಟುಬಿಡುವುದುಂಟು; ಯುದ್ಧವನ್ನು ಎತ್ತಿಹೇಳುವ ಬರಹಗಳು ಜಾತ್ರೆಯನ್ನು ಬಿಟ್ಟುಬಿಡುವುದುಂಟು. ಎರಡೂ ಅರ್ಧಸತ್ಯಗಳು. ಜನಸಮುದಾಯ ತನ್ನ ಅರಸನ ಚರಿತ್ರೆಯಿಂದ ತನಗೆ ಬೇಕಾದುದನ್ನು ಆರಿಸಿಕೊಂಡು ಅದನ್ನು ಆರುನೂರು ವರ್ಷಗಳಷ್ಟು ಕಾಲ ಕಾಪಾಡಿಕೊಂಡು ಬಂದಿದೆ ಎಂಬುದೇ ಇಲ್ಲಿ ಸಂಶೋಧಕನಿಗೆ ಎದುರಾಗುವ ವಾಸ್ತವ.

ಗುಮ್ಮಟದ ಒಳಗೆ ಹೋದರೆ ಈ ಆಯ್ಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಹ್ಮದ್ ಷಾ ಇರಾನಿನ ಕಿರ್ಮಾನ್ ಪ್ರದೇಶದ ಸೂಫಿ ಷಾ ನಿಮತುಲ್ಲಾ ವಲಿಯವರಿಗೆ ನಿಷ್ಠನಾಗಿದ್ದನು. ಅವರ ಮೊಮ್ಮಗ ನೂರುಲ್ಲಾ ಬೀದರಿಗೆ ಬಂದರು. 1431ರಲ್ಲಿ ನಿಮತುಲ್ಲಾ ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಅವರೂ ಬಂದು ನೆಲೆಸಿದರು. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಖಲೀಲುಲ್ಲಾ ಅವರ ಸಮಾಧಿ. ಸುಲ್ತಾನನ ಗೋರಿಯ ಒಳಗೋಡೆಗಳನ್ನು ಬಹುವರ್ಣದ ಲತಾಚಿತ್ರಗಳಿಂದ ಅಲಂಕರಿಸಿ, ನಿಮತುಲ್ಲಾಹಿ ಗುರುಪರಂಪರೆಯ ಶಜರಾವನ್ನು ಸುಂದರ ಲಿಪಿಯಲ್ಲಿ ಬರೆಯಲಾಗಿದೆ. ಅರಸನ ಆಧ್ಯಾತ್ಮಿಕ ದೃಷ್ಟಿ ಇರಾನಿನ ಕಡೆಗಿತ್ತು ಎಂಬುದನ್ನು ಆ ಗೋಡೆಗಳು ಹೇಳುತ್ತವೆ. ಆದರೆ ಅದೇ ಗೋಡೆಗಳ ನಡುವೆ ಪ್ರತಿವರ್ಷ ಮೊಳಗುವುದು ಶಂಖ. ನೆನೆಯುವ ಹೆಸರುಗಳಲ್ಲಿ ಒಂದು ಅಲ್ಲಮನದು. ಗೋಡೆಯ ಬರಹ ಅರಸನ ಇಚ್ಛೆಯಂತೆ ನಡೆಯಿತು. ಅಂಗಳದ ಆಚರಣೆ ಜನರ ಇಚ್ಛೆಯಂತೆ ನಡೆಯುತ್ತಿದೆ.

ಉರುಸಿನ ಕಾಲವೂ ಜನರ ಬದುಕಿಗೆ ಹೊಂದಿಕೊಂಡಿದೆ. ಹೋಳಿಯ ನಂತರದ ದಿನಗಳೆಂದರೆ ಹಿಂಗಾರಿನ ಜೋಳ, ಕಡಲೆ, ಕುಸುಬೆಗಳ ರಾಶಿ ಮುಗಿದು ಒಕ್ಕಲಿಗನ ಕೈ ಬಿಡುವಾಗಿರುವ ಕಾಲ. ಮಾಡಿಯಾಳದಿಂದ ಬೀದರಿನವರೆಗೆ ನಡೆದು ಬರಲು ಹಾದಿ ಒಣಗಿರುತ್ತದೆ, ಮನೆಯಲ್ಲಿ ಕಾಳಿರುತ್ತದೆ. ಇದೇ ಉರುಸು ಹಿಜರಿ ತೇದಿಯಂತೆ ನಡೆಯುತ್ತಿದ್ದರೆ ಕೆಲವು ವರ್ಷ ಮುಂಗಾರಿನ ಬಿತ್ತನೆಗೂ ಕೆಲವು ವರ್ಷ ಹಿಂಗಾರಿನ ಕೊಯ್ಲಿಗೂ ಸಿಲುಕಿ, ದೂರದ ರೈತಭಕ್ತರು ಬರುವುದೇ ದುಸ್ತರವಾಗುತ್ತಿತ್ತು. ಮಳೆ ತಂದನೆಂದು ನಂಬಲಾದ ವಲಿಗೆ ಮಳೆ-ಬೆಳೆಯ ಪಂಚಾಂಗವೇ ಒದಗಿಬಂದದ್ದು ಸಹಜವೆನಿಸುತ್ತದೆ.

ಹಳ್ಳಿಯ ಮೊಹರಂ

ಇದಕ್ಕೆ ಎದುರಾದ ದಿಕ್ಕಿನ ಚಲನೆಯನ್ನು ಮೊಹರಂ ತೋರಿಸುತ್ತದೆ. ಕರ್ಬಲಾದಲ್ಲಿ ಕ್ರಿ.ಶ. 680ರಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ಸ್ಮರಣೆಯ ಈ ದಿನಗಳು ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ 'ಅಲಾಯಿ ಹಬ್ಬ'ವಾಗಿವೆ. ಪಂಜಾಗಳನ್ನು ಕೂಡಿಸುವುದು, ಅಲಾಯಿ ಕುಣಿಯಲ್ಲಿ ಬೆಂಕಿ ಹಾಕಿ ಸುತ್ತಲೂ ಹೆಜ್ಜೆ ಹಾಕುವುದು, ಹರಕೆ ಹೊತ್ತು ಫಕೀರರಾಗುವುದು, ಹುಲಿವೇಷ ಹಾಕುವುದು, ಚೊಂಗೆ ಮಾಡಿ ಓದಿಸುವುದು ಇವೆಲ್ಲವುಗಳಲ್ಲಿ ಹಿಂದೂಗಳ ಪಾಲು ಹಿರಿದು. ಮುಸ್ಲಿಂ ಮನೆಗಳು ಇಲ್ಲದ ಊರುಗಳಲ್ಲಿಯೂ ಹಬ್ಬ ನಡೆಯುವುದುಂಟು. ಕರ್ಬಲಾದ ಕಥೆಯನ್ನು ಹೇಳುವ ರಿವಾಯತ್ ಪದಗಳು ಕನ್ನಡದಲ್ಲಿ ರಚನೆಯಾಗಿ ಉತ್ತರ ಕರ್ನಾಟಕದ ಜನಪದ ಸಾಹಿತ್ಯದ ಒಂದು ಪ್ರಮುಖ ಪ್ರಕಾರವಾಗಿ ಬೆಳೆದಿವೆ. ರಹಮತ್ ತರೀಕೆರೆಯವರು 'ಕರ್ನಾಟಕದ ಸೂಫಿಗಳು' ಮೊದಲಾದ ಕೃತಿಗಳ ಮೂಲಕ ಇಂತಹ ಆಚರಣೆಗಳನ್ನು ಕ್ಷೇತ್ರಕಾರ್ಯದ ಆಧಾರದಿಂದ ಅಧ್ಯಯನಕ್ಕೆ ತಂದಿದ್ದಾರೆ.

ಇಲ್ಲಿ ಕಾಲಗಣನೆ ಹಿಜರಿಯದೇ. ಮೊಹರಂ ಒಂದು ವರ್ಷ ಬೇಸಿಗೆಯಲ್ಲಿ ಬಂದರೆ ಹಲವು ವರ್ಷಗಳ ಮೇಲೆ ಚಳಿಗಾಲಕ್ಕೆ, ಮತ್ತೆ ಮಳೆಗಾಲಕ್ಕೆ ಸರಿಯುತ್ತದೆ. ಹೊಲದ ಕೆಲಸದ ನಡುವೆ ಬಂದಾಗಲೂ ಹಳ್ಳಿಗರು ದಿನವನ್ನು ಬದಲಿಸುವುದಿಲ್ಲ. ಅಷ್ಟೂರಿನಲ್ಲಿ ಮುಸ್ಲಿಮರು ಪಂಚಾಂಗಕ್ಕೆ ಒಪ್ಪಿಕೊಂಡರೆ, ಹಳ್ಳಿಗಳಲ್ಲಿ ಹಿಂದೂಗಳು ಹಿಜರಿಗೆ ಒಪ್ಪಿಕೊಂಡಿದ್ದಾರೆ. ಸಂಗಮವೆಂಬುದು ಒಬ್ಬರು ಇನ್ನೊಬ್ಬರೊಳಗೆ ಕರಗಿಹೋಗುವ ಕ್ರಿಯೆಯಾಗಿದ್ದರೆ ಈ ಎರಡು ಗಣನೆಗಳಲ್ಲಿ ಒಂದು ಅಳಿಯಬೇಕಾಗಿತ್ತು. ಎರಡೂ ಉಳಿದವು, ಎರಡನ್ನೂ ಎರಡೂ ಕಡೆಯವರು ಬಲ್ಲವರಾದರು.

ನೀರು, ಲೋಹ, ನುಡಿ

ಕಾಲಗಣನೆಯಲ್ಲಿ ಕಂಡುಬರುವ ಈ ಕ್ರಮವೇ ಕಸುಬುಗಳಲ್ಲಿಯೂ ಕಾಣುತ್ತದೆ. ಬೀದರಿನ ನೌಬಾದ್ ಬಳಿಯ 'ಸುರಂಗ ಬಾವಿ' ಇರಾನಿನ ಕರೇಜ್ ಅಥವಾ ಕನಾತ್ ವಿಧಾನದ ಜಲಸುರಂಗ. ಮೂಲಬಾವಿಯಿಂದ ಮೆಲ್ಲಿಳಿಜಾರಿನಲ್ಲಿ ಕೊರೆದ ಸುರಂಗ, ಅದಕ್ಕೆ ಗಾಳಿ-ಬೆಳಕು ಕೊಡುತ್ತ ಹೂಳು ತೆಗೆಯಲು ದಾರಿಯಾಗುವ ಲಂಬ ಬಾವಿಗಳ ಸಾಲು ಇದರ ರಚನೆ. ವಿಧಾನ ಪರದೇಶದ್ದಾದರೂ ಅದು ಇಲ್ಲಿ ಫಲಿಸಿದ್ದು ಬೀದರಿನ ಜಂಬಿಟ್ಟಿಗೆ ಕಲ್ಲಿನ ಗುಣದಿಂದ. ಮಳೆನೀರು ಈ ಕಲ್ಲಿನಲ್ಲಿ ಇಂಗಿ, ಕೆಳಗಿನ ಗಟ್ಟಿ ಕಪ್ಪುಶಿಲೆಯ ಮೇಲೆ ತಡೆದು ನಿಲ್ಲುತ್ತದೆ. ನೆಲದ ಈ ಸ್ವಭಾವವನ್ನು ಬಲ್ಲ ಕೈಗಳಿಲ್ಲದೆ ಇರಾನಿನ ಜ್ಞಾನವೊಂದೇ ನೀರು ಕೊಡಲಾರದು.

ಬಿದ್ರಿ ಕಲೆಯೂ ಹೀಗೆಯೇ. ಸತುವಿನಲ್ಲಿ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂಡಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಹಾಗೂ ನವಸಾಗರದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತ ಉಳಿಯುತ್ತದೆ. ತಾರಕಷಿ, ತಹನಿಶಾನ್ ಮೊದಲಾದ ಪಾರಿಭಾಷಿಕ ಪದಗಳು ಪರ್ಷಿಯನ್ ಮೂಲದವು. ಕಪ್ಪು ಕೊಡುವ ಮಣ್ಣು ಮಾತ್ರ ಬೀದರಿನದು. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು; 2023ರಲ್ಲಿ ಬಿದ್ರಿ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ನುಡಿಯ ವಿಷಯದಲ್ಲಿ ಹೇಳುವುದಾದರೆ, ದಖನಿ ಸಾಹಿತ್ಯದ ಅತ್ಯಂತ ಹಳೆಯ ಕಾವ್ಯಗಳಲ್ಲೊಂದಾದ ಫಖ್ರುದ್ದೀನ್ ನಿಜಾಮಿಯ 'ಕದಮ್ ರಾವ್ ಪದಮ್ ರಾವ್' ಹದಿನೈದನೆಯ ಶತಮಾನದ ಬಹಮನಿ ಆಶ್ರಯದಲ್ಲಿ ಹುಟ್ಟಿದ್ದು. ಕಾವ್ಯದ ಬಂಧ ಪರ್ಷಿಯನ್ ಮಸ್ನವಿಯದು. ಆರಂಭದಲ್ಲಿ ದೇವಸ್ತುತಿ ಹಾಗೂ ಪ್ರವಾದಿಯ ಸ್ತುತಿ ಇವೆ. ಕಥೆಯಲ್ಲಿ ಬರುವವರು ಮಾತ್ರ ಅರಸ ಕದಮ್ ರಾವ್, ನಾಗರೂಪಿಯಾದ ಪದಮ್ ರಾವ್ ಮತ್ತು ಪರಕಾಯ ಪ್ರವೇಶ ಬಲ್ಲ ಯೋಗಿ. ಶಬ್ದಸಂಪತ್ತಿನಲ್ಲಿಯೂ ಪರ್ಷಿಯನ್ನಿಗಿಂತ ದೇಶೀಯ ಪದಗಳೇ ಹೆಚ್ಚು. ಚೌಕಟ್ಟು ಹೊರಗಿನದು, ಒಳಗಿನ ಬದುಕು ಈ ನೆಲದ್ದು ಎಂಬ ಮಾತು ಸುಹೂರ್ ಸನ್ನಿಗೆ ಒಪ್ಪುವಂತೆ ಈ ಕಾವ್ಯಕ್ಕೂ ಒಪ್ಪುತ್ತದೆ.

ದರ್ಬಾರಿನ ಒಡಕು

ಇಷ್ಟೆಲ್ಲ ಸಂಗಮದ ನಡುವೆ ಬಹಮನಿ ರಾಜ್ಯ ಒಡೆದದ್ದು ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವಿಚಿತ್ರವೆಂದರೆ ಆ ಒಡಕು ಹಿಂದೂ-ಮುಸ್ಲಿಂ ಭೇದದಿಂದ ಹುಟ್ಟಿದ್ದಲ್ಲ. ದಖ್ಖನಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದ 'ದಖನಿ' ಮುಸ್ಲಿಮರಿಗೂ ಇರಾನ್ ಮೊದಲಾದ ದೇಶಗಳಿಂದ ಹೊಸದಾಗಿ ಬಂದ 'ಆಫಾಕಿ'ಗಳಿಗೂ ನಡುವೆ ಅದು ಹುಟ್ಟಿತು. ಎರಡನೆಯ ಅಲಾವುದ್ದೀನ್ ಅಹ್ಮದನ ಕಾಲದಲ್ಲಿ (1436–1458) ಚಾಕಣದಲ್ಲಿ ಆಫಾಕಿಗಳ ಹತ್ಯಾಕಾಂಡವೇ ನಡೆಯಿತು. ಗೀಲಾನ್ ಪ್ರದೇಶದಿಂದ ಬಂದು, 1472ರಲ್ಲಿ ಬೀದರಿನ ಪ್ರಸಿದ್ಧ ಮದರಸಾವನ್ನು ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಎರಡೂ ಪಕ್ಷಗಳಿಗೆ ಸಮಾನ ಅಧಿಕಾರ ಹಂಚಲು ಯತ್ನಿಸಿದನು. ವಿರೋಧಿಗಳು ಸೃಷ್ಟಿಸಿದ ಕೃತಕ ಪತ್ರವೊಂದನ್ನು ನಂಬಿ ಸುಲ್ತಾನನು 1481ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದನು. ಅನಂತರ ಹತ್ತೇ ವರ್ಷಗಳೊಳಗೆ ಪ್ರಾಂತಗಳು ಸ್ವತಂತ್ರವಾಗತೊಡಗಿದವು.

ಒಂದೇ ಧರ್ಮದ, ಒಂದೇ ಹಿಜರಿ ಗಣನೆಯ, ಒಂದೇ ದರ್ಬಾರಿನ ಜನ ಕೂಡಿ ಬಾಳಲಾರದೆ ಹೋದರು. ಬೇರೆ ಬೇರೆ ಧರ್ಮದ, ಬೇರೆ ಬೇರೆ ಗಣನೆಯ ಹಳ್ಳಿಗರು ಕೂಡಿ ಬಾಳಿದರು. ದರ್ಬಾರಿನಲ್ಲಿ ಹಂಚಿಕೊಳ್ಳಬೇಕಾಗಿದ್ದುದು ಅಧಿಕಾರ. ಅದು ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ. ಹಳ್ಳಿಯಲ್ಲಿ ಹಂಚಿಕೊಂಡದ್ದು ಮಳೆ, ಸುಗ್ಗಿ ಮತ್ತು ಹಬ್ಬ. ಅವು ಬಂದರೆ ಎಲ್ಲರಿಗೂ ಬರುತ್ತವೆ, ತಪ್ಪಿದರೆ ಎಲ್ಲರಿಗೂ ತಪ್ಪುತ್ತವೆ. ಸಂಗಮ ಅರಸರ ಔದಾರ್ಯದ ಫಲವೆಂಬ ವಾಡಿಕೆಯ ವಿವರಣೆ ಈ ವ್ಯತ್ಯಾಸವನ್ನು ವಿವರಿಸಲಾರದು.

ಉಪಸಂಹಾರ

ಬೀದರ್ ಸೀಮೆಯಲ್ಲಿ ಇಸ್ಲಾಮಿ ಮತ್ತು ದೇಶೀಯ ಪರಂಪರೆಗಳು ಕೂಡಿದ್ದು ಮುಖ್ಯವಾಗಿ ಬದುಕಿನ ಅಗತ್ಯಗಳ ನೆಲೆಯಲ್ಲಿ. ಕೂಡಿದ ಮೇಲೂ ತಮ್ಮ ತಮ್ಮ ಹೆಸರುಗಳನ್ನು ಬಿಟ್ಟುಕೊಡದೆ. ಅಷ್ಟೂರಿನಲ್ಲಿ ಮಲಗಿರುವವನು ಒಬ್ಬರಿಗೆ ವಲಿ, ಇನ್ನೊಬ್ಬರಿಗೆ ಅಲ್ಲಮ. ಎರಡು ಹೆಸರುಗಳಲ್ಲಿ ಯಾವುದು ನಿಜವೆಂಬ ವಾದ ಇತಿಹಾಸದ ಪ್ರಶ್ನೆಯೆಂಬಂತೆ ಕಂಡರೂ, ಅದರ ಪರಿಣಾಮವಾಗಿ ಒಂದು ಹೆಸರು ಅಳಿದರೆ ಉಳಿದ ಹೆಸರಿನ ಅರ್ಥವೂ ಕುಂದುತ್ತದೆ.

ದಖ್ಖನ್ ಸುಲ್ತಾನರ ಸ್ಮಾರಕಗಳನ್ನು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಬೀದರಿನ ಸ್ಮಾರಕಗಳೂ ಅದರಲ್ಲಿವೆ. ಕಲ್ಲು, ಗಾರೆ, ವರ್ಣಚಿತ್ರಗಳ ಸಂರಕ್ಷಣೆ ಅಗತ್ಯವೇ. ಅದರ ಜೊತೆಗೆ ಜಂಗಮರ ನಡಿಗೆಯ ದಾರಿ, ಉರುಸಿನ ದಿನನಿರ್ಣಯದ ಕ್ರಮ, ಸಾಯಗಾಂವ, ಭಾಲ್ಕಿ, ಔರಾದ ಭಾಗದ ಊರೂರುಗಳ ಮೊಹರಂ ವಿಧಿಗಳು, ರಿವಾಯತ್ ಪದಗಳ ಪಾಠಗಳು, ಮನೆತನಗಳಲ್ಲಿ ಉಳಿದಿರುವ ಸುಹೂರ್ ಹಾಗೂ ಫಸಲಿ ತೇದಿಯ ಕಾಗದಪತ್ರಗಳು ಇವುಗಳ ಸಂಗ್ರಹವೂ ಅಷ್ಟೇ ತುರ್ತಿನದು. ಗುಮ್ಮಟ ಕುಸಿದರೆ ಅದರ ಅಳತೆ, ಚಿತ್ರಗಳ ನೆರವಿನಿಂದ ಮತ್ತೆ ಕಟ್ಟಬಹುದು. ಹೋಳಿಯ ನಂತರ ಯಾವ ದಿನ ಹೊರಡಬೇಕೆಂಬುದನ್ನು ಬಲ್ಲ ಹಿರಿಯರು ಇಲ್ಲವಾದರೆ, ಆ ಗುಮ್ಮಟಕ್ಕೆ ನಡೆದುಬರುವ ದಾರಿಯನ್ನು ಮತ್ತೆ ಕಟ್ಟಲಾಗದು.